ಹಾಡೂ ರಾಜಕಾರಣವೂ

(ಗಡಿಯಾಚೆಯ ಕನ್ನಡ ಗ್ರಾಮಗಳ ಸಭೆಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಗಡಿಯ ಪ್ರಶ್ನೆಯೆಂದೊಡನೆ ನಕಾಶೆ, ಜನಗಣತಿ, ಆಯೋಗದ ವರದಿ, ಮನವಿಪತ್ರ ಇವುಗಳೇ ನಮ್ಮೆಲ್ಲರ ಕಣ್ಣಮುಂದೆ ಬಂದು ನಿಲ್ಲುತ್ತವೆ. ಹೀಗಿರುವಾಗ ಹಾಡಿನ ಮಾತೇಕೆ, ಸಂಗೀತಕ್ಕೂ ರಾಜಕಾರಣಕ್ಕೂ ಏನು ಸಂಬಂಧ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಹಾಡು ದಣಿವಾರಿಸಿಕೊಳ್ಳುವುದಕ್ಕೆ, ದೇವರನ್ನು ನೆನೆಯುವುದಕ್ಕೆ, ಮದುವೆ ಮುಂಜಿಗಳ ಸಂಭ್ರಮಕ್ಕೆ ಇರತಕ್ಕದ್ದು. ರಾಜಕಾರಣ ಚಾವಡಿಯಲ್ಲಿಯೂ ಕಚೇರಿಯಲ್ಲಿಯೂ ನಡೆಯತಕ್ಕದ್ದು ಎಂಬುದು ಸಾಮಾನ್ಯವಾದ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಂದು ತಮ್ಮೊಡನೆ ವಿಚಾರ ಮಾಡಬೇಕೆಂದು ಬಂದಿದ್ದೇವೆ.

ರಾಜಕಾರಣವೆಂದರೆ ಚುನಾವಣೆ ಮಾತ್ರವೇ? ಭೂಮಿ ಯಾರದು, ತೆರಿಗೆ ಎಷ್ಟು, ಯಾರು ಯಾರ ಪಂಕ್ತಿಯಲ್ಲಿ ಕುಳಿತುಕೊಳ್ಳಬಹುದು, ಮಗು ಯಾವ ನುಡಿಯಲ್ಲಿ ಅಕ್ಷರ ಕಲಿಯಬೇಕು ಎಂಬ ಪ್ರಶ್ನೆಗಳೆಲ್ಲವೂ ರಾಜಕಾರಣವೇ ಆಗಿವೆ. ಓದುಬರಹ ಬಾರದ ನಮ್ಮ ಹಿರಿಯರು ಈ ಪ್ರಶ್ನೆಗಳನ್ನು ಎಲ್ಲಿ ಚರ್ಚಿಸಿದರು? ಪತ್ರಿಕೆ ಅವರ ಕೈಗೆ ಬರುತ್ತಿರಲಿಲ್ಲ. ಶಾಸನಸಭೆಯ ಬಾಗಿಲು ಅವರಿಗೆ ತೆರೆದಿರಲಿಲ್ಲ. ಅವರು ಹಾಡಿನಲ್ಲಿಯೇ ಚರ್ಚಿಸಿದರು. ಕಣದಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ, ಜಾತ್ರೆಯ ಬಯಲಿನಲ್ಲಿ ಅವರ ಸಭೆ ಕೂಡುತ್ತಿತ್ತು. ಆ ಸಭೆಯ ನಡಾವಳಿ ಇಂದಿಗೂ ನಮ್ಮ ಹಾಡುಗಳಲ್ಲಿ ಉಳಿದಿದೆ.

ಹಾಡಿನ ರಾಜಕೀಯ ಅರ್ಥವನ್ನು ಅದರ ಮಾತಿನಲ್ಲಿ ಮಾತ್ರ ಹುಡುಕುವುದು ವಾಡಿಕೆ. ಮಾತಿನಷ್ಟೇ ಮುಖ್ಯವಾದ ಇನ್ನೆರಡು ಸಂಗತಿಗಳುಂಟು. ಹಾಡುವವರು ಯಾರು ಎಂಬುದೊಂದು. ಯಾವ ನುಡಿಯಲ್ಲಿ ಹಾಡುತ್ತಾರೆ ಎಂಬುದು ಇನ್ನೊಂದು. ಈ ಮೂರನ್ನೂ ಒಟ್ಟಿಗೆ ನೋಡಿದಾಗ ಗಡಿಯಾಚೆಯ ಕನ್ನಡಿಗರಾದ ನಮಗೆ ಹಾಡು ಎಷ್ಟು ಬೆಲೆಯುಳ್ಳದ್ದೆಂಬುದು ಸ್ಪಷ್ಟವಾಗುತ್ತದೆ.

ಲಾವಣಿಯ ಸಾಕ್ಷ್ಯ

ಮೊದಲು ಲಾವಣಿಯನ್ನು ತೆಗೆದುಕೊಳ್ಳೋಣ. ಕಿತ್ತೂರು ರಾಣಿ ಚೆನ್ನಮ್ಮನ ಸೈನ್ಯ 1824ರಲ್ಲಿ ಕಂಪನಿ ಸರಕಾರದ ಕಲೆಕ್ಟರ್ ಥ್ಯಾಕರೆಯನ್ನು ಕೆಡಹಿತು. ಆಕೆ ಸೆರೆಯಾದ ಬಳಿಕ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸರಕಾರದ ದಫ್ತರದಲ್ಲಿ ಆತನೊಬ್ಬ ದಂಗೆಕೋರ. ಹಳ್ಳಿಯ ಲಾವಣಿಯಲ್ಲಿ ಆತನೊಬ್ಬ ವೀರ. ಒಂದೇ ಮನುಷ್ಯನನ್ನು ಕುರಿತು ಎರಡು ತೀರ್ಪುಗಳು ಹೊರಟವು. ಸರಕಾರದ ತೀರ್ಪು ಒಂದು ದಿನದಲ್ಲಿ ಜಾರಿಯಾಯಿತು. ಲಾವಣಿಕಾರನ ತೀರ್ಪು ಎರಡು ಶತಮಾನಗಳಿಂದ ಜಾರಿಯಾಗುತ್ತಲೇ ಇದೆ.

ಹಲಗಲಿಯ ಬೇಡರ ಕಥೆಯೂ ಹೀಗೆಯೇ. 1857ರಲ್ಲಿ ಕಂಪನಿ ಸರಕಾರ ಪ್ರಜೆಗಳು ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ಮಾಡಿತು. ಮುಧೋಳ ಸೀಮೆಯ ಆ ಚಿಕ್ಕ ಹಳ್ಳಿಯ ಬೇಡರಿಗೆ ಆಯುಧವು ಬದುಕಿನ ಆಧಾರವೂ ಮರ್ಯಾದೆಯ ಗುರುತೂ ಆಗಿತ್ತು. ಅವರು ಒಪ್ಪಿಸಲಿಲ್ಲ. ಸೈನ್ಯ ಬಂದು ಹಳ್ಳಿಯನ್ನು ಸುಟ್ಟಿತು, ಅನೇಕರು ಗಲ್ಲಿಗೇರಿದರು. ಇಷ್ಟೆಲ್ಲವನ್ನೂ ಲಾವಣಿಕಾರ ಹೆಸರು ಹೆಸರಾಗಿ ಹಿಡಿದಿಟ್ಟನು. ಕಾನೂನೆಂಬುದು ಮಾಡಿದವನಿಗೆ ಒಂದು ಬಗೆ, ಅದರಡಿಯಲ್ಲಿ ಬಾಳುವವನಿಗೆ ಮತ್ತೊಂದು ಬಗೆ ಎಂಬ ರಾಜನೀತಿಯ ಪಾಠವನ್ನು ಆ ಲಾವಣಿ ಯಾವ ಗ್ರಂಥದ ನೆರವೂ ಇಲ್ಲದೆ ಬೋಧಿಸುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ತಾವು ಗಮನಿಸಬೇಕು. ಈ ಲಾವಣಿಗಳು ಅಚ್ಚಾದದ್ದು ಒಬ್ಬ ಆಂಗ್ಲ ಅಧಿಕಾರಿಯಿಂದ. ನಮ್ಮ ಶಾಸನಗಳನ್ನು ಓದಿ ಬೆಳಕಿಗೆ ತಂದ ಜೆ. ಎಫ್. ಫ್ಲೀಟ್ ಸಾಹೇಬರು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ರಾಯಣ್ಣನ ಲಾವಣಿಯೂ ಇತ್ತು, ಹಲಗಲಿಯದೂ ಇತ್ತು. ಆದಾಯ ತೆರಿಗೆ ಬಂದಾಗ ಜನ ಪಟ್ಟ ಪಾಡಿನ ಲಾವಣಿಯೂ ಇತ್ತು. ಆಳುವ ಸರಕಾರದ ನೌಕರನೇ ಆಳಿಸಿಕೊಂಡವರ ದೂರನ್ನು ಬರೆದಿಡಬೇಕಾಯಿತು. ಹಾಡಿನ ಬಲ ಅಂಥದು. ಅರ್ಜಿಯನ್ನು ಕಚೇರಿಯವರು ಕಡತದಲ್ಲಿ ಮುಚ್ಚಿಡಬಲ್ಲರು. ಊರೆಲ್ಲ ಹಾಡುವ ಹಾಡನ್ನು ಮುಚ್ಚಿಡುವುದಕ್ಕೆ ಕಡತವೇ ಇಲ್ಲ.

ಲಾವಣಿಯ ಕಟ್ಟಿನಲ್ಲಿಯೂ ಒಂದು ರಾಜಕೀಯ ತತ್ತ್ವ ಅಡಗಿದೆ. ಹರದೇಶಿ ಮೇಳದವರು ಗಂಡಿನ ಪಕ್ಷವನ್ನು ಹಿಡಿಯುತ್ತಾರೆ, ನಾಗೇಶಿಯವರು ಹೆಣ್ಣಿನ ಪಕ್ಷವನ್ನು ಹಿಡಿಯುತ್ತಾರೆ. ರಾತ್ರಿಯಿಡೀ ಡಪ್ಪು ತುಂತುಣಿಗಳ ನಾದದಲ್ಲಿ ಸವಾಲು ಜವಾಬುಗಳು ನಡೆಯುತ್ತವೆ. ಸವಾಲಿಗೆ ಉತ್ತರವನ್ನು ಹಾಡಿನಲ್ಲಿಯೇ ಕೊಡಬೇಕು, ಕೈ ಮಾಡುವಂತಿಲ್ಲ. ಎದುರು ಪಕ್ಷದ ಮಾತನ್ನು ಕೊನೆಯವರೆಗೆ ಕೇಳಿಯೇ ಉತ್ತರಿಸಬೇಕು. ಇದು ಪ್ರಜಾಪ್ರಭುತ್ವದ ಮೊದಲ ನಿಯಮವಲ್ಲವೆ?

ವಿಜಯಪುರ ಜಿಲ್ಲೆಯ ಹಲಸಂಗಿ ಸೊಲ್ಲಾಪುರ, ಜತ್ತ ಸೀಮೆಗಳಿಗೆ ದೂರವಾದ ಊರಲ್ಲ. ಅಲ್ಲಿನ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹೇಳಿಕೊಂಡ ಸುಖದುಃಖಗಳಿಗೆ ಅಚ್ಚಿನ ಮರ್ಯಾದೆ ದೊರಕಿದ್ದು ಆಗ. ತವರಿನ ಹಂಬಲವೂ ಅತ್ತೆಮನೆಯ ಕಷ್ಟವೂ ರಾಜಕೀಯವೇ ಎಂದು ಯಾರಾದರೂ ಕೇಳಬಹುದು. ಮನೆಯೊಳಗೆ ಮಾತಾಡಲು ಅಧಿಕಾರವಿಲ್ಲದವಳು ಕಲ್ಲಿನ ಮುಂದೆ ಕುಳಿತು ನ್ಯಾಯ ಕೇಳುತ್ತಾಳೆಂದರೆ ಅದಕ್ಕಿಂತ ಹತ್ತಿರದ ರಾಜಕಾರಣ ಬೇರೆ ಯಾವುದಿದೆ?

ನೆರೆಯವರ ಹಾಡು

ನೆರೆಯವರಲ್ಲಿಯೂ ಹಾಡು ಇದೇ ಕೆಲಸವನ್ನು ಮಾಡಿದೆ. ಅದನ್ನು ತಿಳಿದುಕೊಳ್ಳದೆ ನಮ್ಮದನ್ನು ಮಾತ್ರ ಹೊಗಳಿಕೊಂಡರೆ ನಮ್ಮ ವಿಚಾರ ಅರೆಯಾದೀತು.

ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಬಂಧುಗಳು ತೆಲುಗಿನ ಬುರ್ರಕಥೆಯನ್ನು ಬಲ್ಲರು. ಅದರಲ್ಲಿ ಕಥೆಗಾರನು ನಡುವೆ ನಿಲ್ಲುತ್ತಾನೆ. ಆತನ ಒಂದು ಪಕ್ಕದವನು ಹಾಸ್ಯಗಾರ; ಇನ್ನೊಂದು ಪಕ್ಕದವನಿಗೆ ‘ರಾಜಕೀಯ’ ಎಂದೇ ಹೆಸರು. ಕಥೆ ಯಾವ ಕಾಲದ್ದೇ ಆಗಿರಲಿ, ಅದನ್ನು ಇಂದಿನ ಊರಿನ ಕಷ್ಟಕ್ಕೆ ಹೊಂದಿಸಿ ಟೀಕೆ ಮಾಡುವುದು ಆತನ ಕೆಲಸ. ರಾಜಕಾರಣಕ್ಕೆಂದೇ ಒಬ್ಬ ಪಾತ್ರಧಾರಿಯನ್ನು ನಿಲ್ಲಿಸಿದ ಈ ಕಲೆಯನ್ನು 1940ರ ದಶಕದಲ್ಲಿ ಶೇಖ್ ನಾಜರ್ ಅವರಂಥ ಕಲಾವಿದರು ಜಮೀನ್ದಾರಿಯ ಅನ್ಯಾಯಗಳನ್ನು ಹೇಳಲು ಬಳಸಿದರು. ಮದರಾಸು ಸರಕಾರವೂ ನಿಜಾಮ ಸರಕಾರವೂ ಅದನ್ನು ನಿಷೇಧಿಸಿದುದುಂಟು. ಬರಿಯ ಕಾಲಹರಣದ ಕಲೆಯಾಗಿದ್ದರೆ ಎರಡೆರಡು ಸರಕಾರಗಳು ಅದಕ್ಕೆ ಹೆದರಬೇಕಾಗಿರಲಿಲ್ಲ.

ಮಹಾರಾಷ್ಟ್ರದ ಶಾಹೀರ ಅಣ್ಣಾಭಾವು ಸಾಠೆಯವರ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು, ಸ್ವಲ್ಪ ಕಹಿಯೂ ಆದದ್ದು. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಮುಂಬಯಿಗೆ ದುಡಿಯಲು ಹೋದವನ ವಿರಹವನ್ನು ಅವರು ಒಂದು ಲಾವಣಿಯಲ್ಲಿ ಹಾಡಿದರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಆ ವಿರಹವೇ ತಮ್ಮ ರಾಜ್ಯದಿಂದ ಹೊರಗುಳಿದ ಪ್ರದೇಶಗಳ ಅಗಲಿಕೆಯ ಸಂಕೇತವಾಯಿತು. ಆ ಪ್ರದೇಶಗಳಲ್ಲಿ ಬೆಳಗಾವಿಯೂ ಸೇರಿತ್ತು ಎಂಬುದು ತಮಗೆ ತಿಳಿದದ್ದೇ. ಅವರ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಶೃಂಗಾರದ ಲಾವಣಿಯೊಂದು ಗಡಿಯ ನೋವನ್ನು ಹೊತ್ತ ಬಗೆಯನ್ನು ಒಪ್ಪದಿರಲಾಗದು. ನಮ್ಮದೂ ಅದೇ ಡಪ್ಪು, ಅದೇ ತುಂತುಣಿ, ಅಂಥದೇ ನೋವು. ಗಡಿಯ ಎರಡು ಕಡೆಗಳಲ್ಲಿಯೂ ಮನೆಯನ್ನು ಅಗಲಿದವರಿದ್ದಾರೆಂಬ ತಿಳಿವಳಿಕೆ ವಾದಕ್ಕೆ ಇಳಿಯುವವನಿಗೆ ಇರತಕ್ಕದ್ದು.

ದೇವರ ಹೆಸರಿನಲ್ಲಿ ಲೋಕದ ನ್ಯಾಯ

ನೇರವಾಗಿ ಆಡಲಾಗದ ಮಾತನ್ನು ಪುರಾಣದ ಮರೆಯಲ್ಲಿ ಆಡುವುದು ನಮ್ಮ ಜನ ಬಲ್ಲ ಇನ್ನೊಂದು ಉಪಾಯ. ಕುಂಬಳೆಯ ಪಾರ್ತಿಸುಬ್ಬನಿಂದ ಬೆಳೆದುಬಂದ ಯಕ್ಷಗಾನ ಕಾಸರಗೋಡಿನ ಕನ್ನಡಿಗರ ದೊಡ್ಡ ಆಸ್ತಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಅದಕ್ಕೆ ಅರ್ಥ ಹೇಳುತ್ತಾರೆ. ಪದ ಒಂದೇ ಆದರೂ ಅರ್ಥ ಪ್ರತಿ ರಾತ್ರಿಯೂ ಹೊಸದು. ‘ಕೃಷ್ಣಸಂಧಾನ’ದ ಪ್ರಸಂಗವನ್ನು ನೆನೆದುಕೊಳ್ಳಿ. ಅರ್ಧರಾಜ್ಯ ಬೇಡ, ಐದು ಗ್ರಾಮಗಳನ್ನಾದರೂ ಕೊಡು ಎಂದು ಪಾಂಡವರ ಪರವಾಗಿ ಕೃಷ್ಣನು ಕೇಳುತ್ತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ಕೌರವನು ಹೇಳುತ್ತಾನೆ. ಸಭೆಯಲ್ಲಿ ಕುಳಿತ ಹಿರಿಯರು ನ್ಯಾಯವನ್ನು ಬಲ್ಲವರಾದರೂ ಅನ್ಯಾಯವನ್ನು ತಡೆಯಲಾರದೆ ಹೋಗುತ್ತಾರೆ. ಗಡಿಯ ಗ್ರಾಮದಲ್ಲಿ ಕುಳಿತು ಈ ಅರ್ಥವನ್ನು ಕೇಳುವ ಕನ್ನಡಿಗನಿಗೆ ಅದು ದ್ವಾಪರದ ಕಥೆಯಾಗಿ ಮಾತ್ರ ಕೇಳಿಸೀತೇ? ಆದರೆ ಇದೇ ಪ್ರಸಂಗದಲ್ಲಿ ಕೌರವನ ಅರ್ಥ ಹೇಳುವವನೂ ತನ್ನ ಪಕ್ಷವನ್ನು ಪೂರ್ಣವಾಗಿ ಮಂಡಿಸಬೇಕು. ಸಭೆ ಅದನ್ನೂ ಮನಸ್ಸಿಟ್ಟು ಕೇಳುತ್ತದೆ. ನಮ್ಮ ಕಲೆ ನಮಗೆ ಕಲಿಸಿದ ದೊಡ್ಡತನವಿದು.

ಅದೇ ನೆಲದಲ್ಲಿ ಮಲಯಾಳದ ಪೊಟ್ಟನ್ ತೆಯ್ಯವೂ ಕಟ್ಟುತ್ತದೆ. ದಾರಿ ಬಿಡೆಂದ ಶಂಕರಾಚಾರ್ಯರನ್ನು ಚಂಡಾಲನ ರೂಪದಲ್ಲಿ ಬಂದ ಶಿವನು ತಡೆದು ಪ್ರಶ್ನಿಸುವ ಕಥೆ ಅದರದು. ನಿನ್ನ ಮೈಯ ನೆತ್ತರಿಗೂ ನನ್ನ ಮೈಯ ನೆತ್ತರಿಗೂ ಭೇದವೇನೆಂಬುದು ಅದರ ಪ್ರಶ್ನೆಯ ಸಾರ. ಉತ್ತರ ಕರ್ನಾಟಕದಲ್ಲಿ ಮೊಹರಮ್ಮಿನ ದಿನಗಳಲ್ಲಿ ಹೆಜ್ಜೆಮೇಳದವರು ರಿವಾಯತ್ ಪದಗಳನ್ನು ಹಾಡುತ್ತಾರೆ. ಅಧರ್ಮದ ಅರಸನಿಗೆ ತಲೆಬಾಗದೆ ಕರ್ಬಲದಲ್ಲಿ ಪ್ರಾಣ ಕೊಟ್ಟವರ ಕಥೆಯನ್ನು ಕನ್ನಡದಲ್ಲಿ ಹಾಡುವ ಆ ಮೇಳಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಜೊತೆಯಾಗಿ ಹೆಜ್ಜೆ ಹಾಕುತ್ತಾರೆ. ಶಿಶುನಾಳ ಷರೀಫರು (1819–1889) ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದ ತತ್ತ್ವಪದಗಳು ಮತಗಳ ನಡುವಣ ಗೋಡೆಗಳನ್ನು ತೋರಿಸಿಕೊಟ್ಟವು. ಇವೆಲ್ಲವೂ ಭಕ್ತಿಯ ಹಾಡುಗಳೇ. ಆದರೆ ಊರಿನಲ್ಲಿ ಯಾರು ಯಾರೊಡನೆ ಹೇಗೆ ಬಾಳಬೇಕೆಂಬ ನೀತಿಯನ್ನು ಸರಕಾರದ ಸುತ್ತೋಲೆಗಿಂತ ಇವೇ ಗಟ್ಟಿಯಾಗಿ ನೆಲೆಗೊಳಿಸಿವೆ.

ಇನ್ನು ತಾಳವಾಡಿಯ ಕಡೆಯವರಿಗೆ ಮಂಟೇಸ್ವಾಮಿಯ ಕಾವ್ಯವನ್ನು ನಾವು ಪರಿಚಯಿಸಬೇಕಾಗಿಲ್ಲ. ತಂಬೂರಿ ಹಿಡಿದ ನೀಲಗಾರರು ಅದನ್ನು ರಾತ್ರಿಯಿಡೀ ಹಾಡುತ್ತಾರೆ. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನೂ ಸೇರಿದಂತೆ ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಸಮಾನತೆಯನ್ನು ಸಾರಿದರೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮಂಟೇಸ್ವಾಮಿ ಆ ಕಲ್ಯಾಣವನ್ನೇ ಪರೀಕ್ಷಿಸಲು ಹೋಗುತ್ತಾನೆ. ಹೊಲಸು ನಾರುವ ಕೀಳುಜಾತಿಯವನ ರೂಪದಲ್ಲಿ ಬಾಗಿಲಿಗೆ ಬಂದವನನ್ನು ಕಾವಲಿನವರು ಒಳಗೆ ಬಿಡುವುದಿಲ್ಲ, ಬಸವಣ್ಣನವರು ಗುರುತಿಸುತ್ತಾರೆ. ಸಮಾನತೆಯನ್ನು ಸಾರುವ ಮನೆಗೂ ಒಂದು ಬಾಗಿಲಿದೆ, ಆ ಬಾಗಿಲಲ್ಲಿ ಯಾರನ್ನು ತಡೆಯುತ್ತಾರೆಂಬುದನ್ನು ನೋಡಿ ಮನೆಯ ಬೆಲೆ ಕಟ್ಟಬೇಕು ಎಂದು ಈ ಕಾವ್ಯ ಹೇಳುತ್ತದೆ. ಚಳವಳಿ ಮಾಡುವವರೆಲ್ಲರೂ, ನಮ್ಮಂಥ ಸಮಿತಿಗಳೂ ಸೇರಿ, ಈ ಮಾತನ್ನು ಕೇಳಿಸಿಕೊಳ್ಳಬೇಕು.

ಹಾಡುವವರು ಯಾರು?

ಈ ಬಾಗಿಲಿನ ಪ್ರಶ್ನೆ ರಾಷ್ಟ್ರೀಯ ಚಳವಳಿಯಲ್ಲಿಯೂ ಬಂದಿತು. ರಾಷ್ಟ್ರೀಯ ಸಭೆಗಳಿಗೂ ಸಂಗೀತಕ್ಕೂ ಇದ್ದ ನಂಟು ಹಳೆಯದು. 1896ರ ಕಲಕತ್ತೆಯ ಕಾಂಗ್ರೆಸ್ಸಿನಲ್ಲಿ ರವೀಂದ್ರನಾಥ ಠಾಕೂರರು ‘ವಂದೇ ಮಾತರಂ’ ಗೀತೆಯನ್ನು ಹಾಡಿದರು. ಕೃಷ್ಣಾತೀರದ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿ, ಮಿರಜಿನಲ್ಲಿ ಕಲಿತ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಅರಮನೆಗಳ ಆಶ್ರಯದಲ್ಲಿದ್ದ ವಿದ್ಯೆಯನ್ನು ಸಾಮಾನ್ಯರ ಶಾಲೆಗೆ ತಂದರು. 1923ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಅಧ್ಯಕ್ಷರಾಗಿದ್ದ ಮೌಲಾನಾ ಮಹಮದಾಲಿಯವರು ಸಭೆಯಲ್ಲಿ ಸಂಗೀತ ಸಲ್ಲದೆಂದು ಆಕ್ಷೇಪಿಸಿದರೂ ಪಲುಸ್ಕರರು ಹಾಡಿಯೇ ತೀರಿದರು. ಒಂದು ಹಾಡು ಎಲ್ಲರದೂ ಹೌದೇ ಎಂಬ ಕಠಿಣ ಪ್ರಶ್ನೆ ಅಂದೇ ಎದ್ದಿತ್ತೆಂಬುದನ್ನು ಇದರಿಂದ ತಿಳಿಯಬಹುದು. ಅವರ ಶಿಷ್ಯರಾದ ನಾರಾಯಣ ಮೋರೇಶ್ವರ ಖರೆಯವರು 1930ರ ದಂಡಿಯಾತ್ರೆಯಲ್ಲಿ ಭಜನೆ ನಡೆಸಿದರು. ನಮ್ಮ ಮೈಲಾರ ಮಹಾದೇವಪ್ಪನವರು ಆ ಹಾಡಿನೊಡನೆ ಹೆಜ್ಜೆ ಹಾಕಿದ ಕನ್ನಡಿಗರು.

1924ರ ಬೆಳಗಾವಿ ಕಾಂಗ್ರೆಸ್ ಕನ್ನಡಿಗರಿಗೆ ಎರಡು ಕಾರಣಗಳಿಂದ ಸ್ಮರಣೀಯ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದು. ಗದುಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ರಚಿಸಿದ ‘ಉದಯವಾಗಲಿ’ ಗೀತೆ ಮೊಳಗಿದ್ದೂ ಅಲ್ಲಿಯೇ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ಆಗ ಕರ್ನಾಟಕವೆಂಬ ರಾಜ್ಯ ನಕಾಶೆಯಲ್ಲಿ ಇರಲಿಲ್ಲ. ಕನ್ನಡಿಗರು ಬೇರೆ ಬೇರೆ ಸರಕಾರಗಳಡಿಯಲ್ಲಿ ಹಂಚಿಹೋಗಿದ್ದರು. ನಕಾಶೆಯಲ್ಲಿ ಮೂಡುವುದಕ್ಕೆ 32 ವರ್ಷಗಳ ಮೊದಲೇ ನಾಡು ಹಾಡಿನಲ್ಲಿ ಮೂಡಿತು.

ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಒಬ್ಬಳಿದ್ದಳು. ಮುಂದೆ ಕಿರಾಣಾ ಘರಾಣೆಯ ಮಹಾಗಾಯಕಿಯಾದ ಗಂಗೂಬಾಯಿ ಹಾನಗಲ್ ಅವರೇ ಆಕೆ. ಗಾಂಧೀಜಿಯವರ ಮುಂದೆ ಹಾಡುವಾಗಲೂ ಆ ಮಗುವಿನ ಮನಸ್ಸಿನಲ್ಲಿ ಒಂದು ಅಳುಕಿತ್ತೆಂದು ಅವರು ಮುಂದೆ ನೆನೆದುಕೊಂಡರು. ಕುಲದ ಕಾರಣದಿಂದ, ಊಟವಾದ ಮೇಲೆ ಉಂಡ ಎಲೆಗಳನ್ನು ಎತ್ತಲು ತನಗೆ ಹೇಳಿಯಾರೆಂಬ ಅಳುಕು ಅದು. ಬಂಧುಗಳೇ, ಈ ಸಂಗತಿಯ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಹಾಡಿನ ಮಾತು ನಾಡಿನ ಸ್ವಾತಂತ್ರ್ಯವನ್ನೂ ಐಕ್ಯವನ್ನೂ ಸಾರುತ್ತಿತ್ತು. ಹಾಡುವ ಕೊರಳಿಗೆ ಊಟದ ಪಂಕ್ತಿಯ ಭಯವಿತ್ತು. ಆ ಕೊರಳಿನ ಭಯ ಹೋಗದೆ ಹಾಡಿನ ಮಾತು ನಿಜವಾಗದು.

ಆ ಭಯದ ಕಡೆಯಿಂದಲೇ ಎದ್ದುಬಂದ ಹಾಡುಗಳನ್ನು 1970ರ ದಶಕದಲ್ಲಿ ಕರ್ನಾಟಕ ಕೇಳಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಆ ಹಾಡುಗಳು ಪುಸ್ತಕದಲ್ಲಿ ನಿಲ್ಲಲಿಲ್ಲ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯೊಡನೆ ಊರೂರಿಗೆ ನಡೆದವು. ಇಲ್ಲಿ ವಾದ್ಯವೂ ಮಾತಾಡಿತು. ಯಾವ ತಮಟೆಯನ್ನು ಬಿಟ್ಟಿಚಾಕರಿಗಾಗಿ ಬಾರಿಸಬೇಕಾಗಿತ್ತೋ ಅದೇ ತಮಟೆ ಹಕ್ಕು ಕೇಳುವ ಸದ್ದಾಯಿತು.

ಹಾಡುವ ನುಡಿ ಯಾವುದು?

ಶಾಸ್ತ್ರೀಯ ಸಂಗೀತಕ್ಕೆ ರಾಜಕಾರಣವಿಲ್ಲವೆಂದು ಹೇಳುವವರುಂಟು. ಅವರು ತಮಿಳುನಾಡಿನ ಇತಿಹಾಸವನ್ನು ನೋಡಬೇಕು. 1940ರ ದಶಕದಲ್ಲಿ ಅಲ್ಲಿ ‘ತಮಿಳ್ ಇಸೈ’ ಎಂಬ ಚಳವಳಿ ಎದ್ದಿತು. ತಮಿಳರ ಊರಿನಲ್ಲಿ, ತಮಿಳರ ಸಭೆಯಲ್ಲಿ ನಡೆಯುವ ಕಚೇರಿಯಲ್ಲಿ ತೆಲುಗು ಸಂಸ್ಕೃತ ಕೃತಿಗಳೇ ತುಂಬಿರುವುದೇಕೆ, ತಮಿಳು ಹಾಡು ಕೊನೆಯ ತುಕಡಾ ಆಗಿ ಮಾತ್ರ ಬರುವುದೇಕೆ ಎಂಬುದು ಅವರ ಪ್ರಶ್ನೆ. ರಾಜಾ ಅಣ್ಣಾಮಲೈ ಚೆಟ್ಟಿಯಾರರು ಅದಕ್ಕೆ ಬೆಂಬಲವಾಗಿ ನಿಂತರು. 1943ರಲ್ಲಿ ತಮಿಳ್ ಇಸೈ ಸಂಘ ಸ್ಥಾಪನೆಯಾಯಿತು. ನಾದಕ್ಕೆ ಭಾಷೆಯಿಲ್ಲವೆಂದು ವಿರೋಧಿಗಳು ಹೇಳಿದರು. ನಾದಕ್ಕೆ ಭಾಷೆಯಿಲ್ಲದಿರಬಹುದು, ಕೇಳುವವನಿಗೆ ಇದೆ. ತನ್ನ ನುಡಿ ಸಭೆಯ ನಡುವೆ ಕೇಳಿಬಂದಾಗ ಅವನು ನೆಟ್ಟಗೆ ಕೂರುತ್ತಾನೆ.

ತಮಿಳರ ಈ ಹಂಬಲವನ್ನು ಹೊಸೂರು, ತಾಳವಾಡಿ, ನೀಲಗಿರಿಗಳ ಕನ್ನಡಿಗರು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಅವರು ತಮ್ಮ ನುಡಿಗಾಗಿ ಕೇಳಿದ್ದನ್ನೇ ನಾವು ನಮ್ಮ ನುಡಿಗಾಗಿ ಕೇಳುತ್ತಿದ್ದೇವೆ. ದಕ್ಷಿಣದ ಯಾವ ಮನೆಯಲ್ಲಿಯಾದರೂ ಮಗು ಸಂಗೀತಕ್ಕೆ ಕುಳಿತರೆ ಪಾಠ ಆರಂಭವಾಗುವುದು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಕ್ರಮದಲ್ಲಿ. ದಾಸರ ಹೆಜ್ಜೆಗಳಿಗೆ ಗಡಿ ಅಡ್ಡ ಬರಲಿಲ್ಲ. ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಚಿಪ್ಪಗಿರಿ ಇಂದು ಆಂಧ್ರದಲ್ಲಿದೆ. ರಾಘವೇಂದ್ರಸ್ವಾಮಿಗಳ ಮಂತ್ರಾಲಯವೂ ಅಲ್ಲಿಯೇ ಇದೆ. ಎರಡೂ ಕಡೆಗಳಲ್ಲಿ ದಾಸರ ಪದ ಕನ್ನಡದಲ್ಲಿಯೇ ಕೇಳಿಬರುತ್ತದೆ.

ರಾಗ ಮಟ್ಟುಗಳಿಗೂ ರಾಜಕಾರಣ ತಾಗುತ್ತದೆಂಬುದನ್ನು ನಮ್ಮ ನಾಡಗೀತೆಯೇ ತೋರಿಸಿತು. ಕುವೆಂಪು ಅವರ ಗೀತೆಯನ್ನು ಕರ್ನಾಟಕ ಸರಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಮಟ್ಟಿನಲ್ಲಿ ಹಾಡಬೇಕೋ ಸಿ. ಅಶ್ವತ್ಥರ ಮಟ್ಟಿನಲ್ಲಿ ಹಾಡಬೇಕೋ ಎಂಬ ವಾದ ಬಹುಕಾಲ ನಡೆಯಿತು. 2022ರಲ್ಲಿ ಸರಕಾರವು ಅನಂತಸ್ವಾಮಿಯವರ ಮಟ್ಟನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಪಡಿಸಿತು. ಇದನ್ನು ಕೆಲವರು ಕ್ಷುಲ್ಲಕ ಜಗಳವೆಂದರು. ನಮಗೆ ಹಾಗೆ ತೋರುವುದಿಲ್ಲ. ಎಲ್ಲರೂ ಎದ್ದುನಿಂತು ಹಾಡತಕ್ಕ ಹಾಡು ಎಲ್ಲರ ಕೊರಳಿಗೂ ನಿಲುಕಬೇಕೆಂಬ ಅಪೇಕ್ಷೆ ಸಣ್ಣದಲ್ಲ.

ನಮ್ಮ ಪಾಲಿಗೆ ಬಂದದ್ದು

ಇನ್ನು ನಮ್ಮ ಸ್ಥಿತಿಗೆ ಬರೋಣ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಕಾಸರಗೋಡು ಹೊರಗುಳಿಯಿತು. ಆ ನೋವಿಗೆ ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಕೊಟ್ಟ ಕವಿವಾಣಿ ಕಾಸರಗೋಡಿನ ಸಭೆಗಳಲ್ಲಿ ಹಾಡಾಗಿ ಮೊಳಗಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವೂ ಅಕ್ಕಲಕೋಟೆಯೂ ಜತ್ತ, ದಕ್ಷಿಣ ಸೊಲ್ಲಾಪುರಗಳ ಹಲವು ಗ್ರಾಮಗಳೂ ಕರ್ನಾಟಕಕ್ಕೆ ಸೇರತಕ್ಕವೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ನಮ್ಮ ಬೇಡಿಕೆಯನ್ನು ನಾವು ಬಿಟ್ಟಿಲ್ಲ. ಆದರೆ ಗಡಿ ಬದಲಾಗುವವರೆಗೆ ನುಡಿ ಕಾಯುತ್ತ ಕೂರಲಾರದು. ಮಕ್ಕಳು ಬೆಳೆಯುತ್ತಿದ್ದಾರೆ.

ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಮ್ಮ ತಮ್ಮ ರಾಜ್ಯಭಾಷೆಗಳನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾಯಿದೆಗಳನ್ನು ತಂದವು. ಕರ್ನಾಟಕವೂ 2015ರಲ್ಲಿ ಕನ್ನಡಕ್ಕಾಗಿ ಅಂಥದೇ ಕಾಯಿದೆಯನ್ನು ಮಾಡಿದೆ ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ರಾಜ್ಯಭಾಷೆಯನ್ನು ಕಲಿಯಲು ನಮ್ಮ ಆಕ್ಷೇಪವಿಲ್ಲ. ನೆರೆಯವರ ನುಡಿ ಬಾರದೆ ಸಂತೆಯಲ್ಲಿ ಬಾಳುವುದು ಹೇಗೆ? ಆದರೆ ಕಲಿಯುವ ನುಡಿ ಮನೆಯ ನುಡಿಯನ್ನು ಹೊರದೂಡಬಾರದು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಏರ್ಪಾಡು ಬೇಕೆಂದು ಕೇಳುವುದಕ್ಕೆ ಕಲಿಯುವ ಮಕ್ಕಳಿರಬೇಕು. ಮಕ್ಕಳನ್ನು ಕನ್ನಡ ಶಾಲೆಗೆ ಕರೆತರುವುದು ಸರಕಾರದ ಆಜ್ಞೆಯಲ್ಲ, ಮನೆಯ ಅಭಿಮಾನ. ಆ ಅಭಿಮಾನಕ್ಕೆ ನೀರೆರೆಯುವುದು ಹಾಡು.

ಗಡಿಯ ಅನೇಕ ಮನೆಗಳಲ್ಲಿ ಅಜ್ಜಿಗೆ ಹಾಡು ಬರುತ್ತದೆ, ಲಿಪಿ ಬಾರದು. ಮೊಮ್ಮಗಳಿಗೆ ಬೇರೆ ಲಿಪಿ ಬರುತ್ತದೆ, ಹಾಡು ಬಾರದು. ಇವರಿಬ್ಬರನ್ನೂ ಒಂದೆಡೆ ಕೂರಿಸುವುದೇ ಇಂದಿನ ಮೊದಲ ರಾಜಕಾರ್ಯವೆಂದು ನಾವು ಭಾವಿಸುತ್ತೇವೆ. ಅಜ್ಜಿ ಹಾಡಲಿ, ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲಿ, ಹಾಡಿದವರು, ಊರು, ಹಾಡುವ ಸಂದರ್ಭ ಇವನ್ನು ಗುರುತು ಹಾಕಲಿ. ಬಳಿಕ ಮೊಮ್ಮಗಳು ಆ ಹಾಡನ್ನೇ ಕನ್ನಡ ಅಕ್ಷರಗಳಲ್ಲಿ ಬರೆಯಲು ಕಲಿಯಲಿ. ಕಿವಿಗೆ ಪರಿಚಯವಾದ ಮಾತನ್ನು ಕಣ್ಣು ಬೇಗ ಗುರುತಿಸುತ್ತದೆ. ಹೀಗೆ ಕೂಡಿಸಿದ ನೂರು ಹಾಡುಗಳ ಒಂದು ಕೈಬರಹದ ಪುಸ್ತಕ, ಈ ಊರಿನಲ್ಲಿ ಕನ್ನಡಿಗರಿದ್ದಾರೆಂಬುದಕ್ಕೆ ಯಾವ ಗಣತಿಯೂ ಅಳಿಸಲಾರದ ದಾಖಲೆಯಾಗುತ್ತದೆ.

ಇದರೊಡನೆ ಎರಡು ಎಚ್ಚರಗಳು ಬೇಕು. ನಮ್ಮ ವೇದಿಕೆಯಲ್ಲಿ ಹಾಡುವ ಬಾಲಕಿ ಪಂಕ್ತಿಯ ಭಯವಿಲ್ಲದೆ ಹಾಡುವಂತಿರಬೇಕು. ತಮಟೆಯವನನ್ನು ಮೆರವಣಿಗೆಯ ಮುಂದೆ ನಡೆಸಿ, ಊಟಕ್ಕೆ ಹೊರಗೆ ಕೂರಿಸುವ ರಾಜ್ಯೋತ್ಸವ ನಮಗೆ ಬೇಡ. ಇನ್ನೊಂದು, ನೆರೆಯವರ ನುಡಿಯನ್ನು ಹಳಿಯುವ ಹಾಡು ಎಷ್ಟೇ ಚಪ್ಪಾಳೆ ಗಿಟ್ಟಿಸಿದರೂ ಅದನ್ನು ನಮ್ಮದೆನ್ನಬಾರದು. ಹಕ್ಕನ್ನು ಕೇಳುವ ಹಾಡಿಗೂ ಹಗೆಯನ್ನು ಬಿತ್ತುವ ಹಾಡಿಗೂ ತಾಳ ಒಂದೇ ಇರಬಹುದು. ಫಲ ಒಂದೇ ಅಲ್ಲ. ನಮ್ಮ ತಾಳಮದ್ದಳೆಯಲ್ಲಿ ಕೌರವನಿಗೂ ಮಾತಿನ ಸರದಿಯಿದೆಯೆಂಬುದನ್ನು ಮರೆಯದಿರೋಣ. ನಮ್ಮ ಹಾಡಿನ ಸಭೆಗೆ ಮಲಯಾಳಿ, ಮರಾಠಿ, ತಮಿಳು, ತೆಲುಗು ನೆರೆಯವರನ್ನೂ ಕರೆಯೋಣ. ನಮ್ಮ ಹಾಡನ್ನು ಒಮ್ಮೆ ಮನಸಾರೆ ಕೇಳಿದವನು ನಮ್ಮ ಶಾಲೆ ಮುಚ್ಚಬೇಕೆಂಬ ಕಾಗದಕ್ಕೆ ರುಜು ಹಾಕುವ ಮೊದಲು ಎರಡು ಸಲ ಯೋಚಿಸಿಯಾನು.

ಕೊನೆಯದಾಗಿ ಒಂದು ಪ್ರಾರ್ಥನೆ. ಬರುವ ಹುಣ್ಣಿಮೆಯ ರಾತ್ರಿ ಪ್ರತಿಯೊಂದು ಗ್ರಾಮದಲ್ಲಿಯೂ ಗುಡಿಯ ಮುಂದೆಯೋ ಶಾಲೆಯ ಅಂಗಳದಲ್ಲಿಯೋ ಹಾಡಿನ ಕೂಟವನ್ನು ನಡೆಸಬೇಕು. ಲಾವಣಿಯವರು, ಭಜನೆಯವರು, ನೀಲಗಾರರು, ಮೊಹರಮ್ಮಿನ ಮೇಳದವರು, ಸೋಬಾನೆ ಹೇಳುವ ತಾಯಂದಿರು ಎಲ್ಲರೂ ಬರಬೇಕು. ಮುಂದಿನ ಸಾಲುಗಳಲ್ಲಿ ಮಕ್ಕಳು ಕುಳಿತಿರಬೇಕು. ಕೂಟ ಮುಗಿಯುವ ಮೊದಲು ಶಾಲೆಗೆ ಸೇರತಕ್ಕ ಮಕ್ಕಳ ಹೆಸರುಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಹಾಡಿಗೂ ಹೆಸರಿನ ಪಟ್ಟಿಗೂ ಅಂತರವಿಲ್ಲದಂತೆ ಕೆಲಸ ನಡೆಯಲಿ.